ಬಲಮಗ್ಗುಲಿನ ಮೂರು ಕಾಜ

ರೋಗಕ್ಕೆ ಹೆದರಿ ಊರೆಲ್ಲ ಬಾಗಿಲು ಹಾಕಿಕೊಂಡ ಹನ್ನೊಂದನೆಯ ದಿನ, ಸಂಜೆ ಐದೂಕಾಲರ ಹೊತ್ತಿಗೆ, ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತ ಕುಳಿತಿದ್ದ ಟೈಲರಮ್ಮನಿಗೆ ತಮ್ಮ ವಿಷಯವಾಗಿಯೇ ಒಂದು ಹೊಸ ಸುದ್ದಿ ತಿಳಿಯಿತು. ಹೊಸದು ಅವರಿಗೆ ಮಾತ್ರ. ಉಳಿದವರು ಅದನ್ನು ಕೇಳಿ ನಲವತ್ತು ವರ್ಷಗಳಿಂದ ನಗುತ್ತ ಬಂದಿದ್ದರು.

ಅದುವರೆಗೆ ಆ ನಗು ನಡೆಯುತ್ತಿದ್ದದ್ದು ಬೀದಿಯ ಕೊನೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕದ ಸಿಮೆಂಟು ಬೆಂಚಿನ ಮೇಲೆ. ಟೈಲರು, ಮೇಲಿನ ಮನೆಯ ಡ್ರಿಲ್ ಮೇಷ್ಟ್ರು, ಕೆಳಗಿನ ಮನೆಯ ಕಂಡಕ್ಟರು ದಿನವೂ ಸಂಜೆ ಅಲ್ಲಿ ಕೂಡುತ್ತಿದ್ದರು. ಬೆಂಚಿನಿಂದ ಮನೆಗೆ ಇನ್ನೂರು ಹೆಜ್ಜೆ. ಇನ್ನೂರು ಹೆಜ್ಜೆ ಆಚೆ ಗಂಡ ಏನು ಮಾತಾಡುತ್ತಾನೆಂದು ಯಾವ ಹೆಂಡತಿ ಕಿವಿಗೊಟ್ಟು ಕೂತಾಳು? ಈಗ ಹೊರಗೆ ಗುಂಪು ಸೇರುವಂತಿಲ್ಲವಾದ್ದರಿಂದ ಬೆಂಚೇ ಕಟ್ಟಡದೊಳಕ್ಕೆ ಬಂದಂತಾಗಿತ್ತು. ನಾಲ್ಕು ಮನೆಗಳ ಬಾಲ್ಕನಿಗಳೂ ಒಂದೇ ಅಂಗಳಕ್ಕೆ ಮುಖ ಮಾಡಿದ್ದವು. ಐದು ಗಂಟೆಗೆ ಸರಿಯಾಗಿ ಡ್ರಿಲ್ ಮೇಷ್ಟ್ರು ತಮ್ಮ ಹಳೆಯ ಸೀಟಿ ಊದುತ್ತಿದ್ದರು. ಎಲ್ಲರೂ ಕುರ್ಚಿ ಹೊರಗೆಳೆದುಕೊಳ್ಳುತ್ತಿದ್ದರು. ಎದುರು ಮನೆಯ ಸಿಸ್ಟರಮ್ಮ, ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ನರ್ಸ್ ಆಗಿದ್ದವರು, ಈ ಸಭೆಗೆ ಹೊಸಬರು. ಸೇರಿದ ದಿನವೇ ನಿಯಮವನ್ನೂ ಮಾಡಿಬಿಟ್ಟಿದ್ದರು: ಒಬ್ಬೊಬ್ಬರು ಒಂದು ಸುದ್ದಿ, ಒಂದು ನಗೆಮಾತು, ಒಂದು ಯೋಚನೆ ಹೇಳಬೇಕು. ಸತ್ತವರ ಸಂಖ್ಯೆ ಹೇಳಕೂಡದು.

"ಅದನ್ನ ಟೀವಿ ಹೇಳತ್ತೆ," ಎಂದಿದ್ದರು. "ಟೀವಿ ಹೇಳದೇ ಇರೋದನ್ನ ನೀವು ಹೇಳಿ."

ಆ ದಿನ ಮೊದಲು ಕಂಡಕ್ಟರ ಸರದಿ. "ಮೂವತ್ತೆರಡು ವರ್ಷ ಬಸ್ಸಲ್ಲಿ ಗಂಟಲು ಹರ್ಕೊಂಡೆ, 'ಒಳಗೆ ಹೋಗಿ, ಒಳಗೆ ಹೋಗಿ' ಅಂತ. ಒಬ್ಬನಾದ್ರೂ ಬಾಗಿಲು ಬಿಟ್ಟು ಅಲ್ಲಾಡಿದ್ನಾ? ಈಗ ನೋಡಿ, ಸರ್ಕಾರ ಒಂದೇ ಸಲ ಹೇಳ್ತು. ಊರಿಗೆ ಊರೇ ಒಳಗೆ!"

ಅಂಗಳ ನಕ್ಕಿತು. ಅಡುಗೆಮನೆಯಲ್ಲಿ ಟೈಲರಮ್ಮನೂ ನಕ್ಕರು. ಆಮೇಲೆ ಗಂಡನ ಧ್ವನಿ ಕೇಳಿಸಿತು.

"ನಮ್ಮನೆಯವಳಿಗೆ ಮಾಸ್ಕ್ ಹೊಲಿದುಕೊಟ್ಟೆ, ಮಾತು ಸ್ವಲ್ಪ ಕಮ್ಮಿಯಾಗ್ಲಿ ಅಂತ. ಒಂದು ಪದರ ಹಾಕ್ದೆ, ಕೇಳಿಸ್ತು. ಎರಡು ಹಾಕ್ದೆ, ಕೇಳಿಸ್ತು. ಮೂರು ಹಾಕ್ದೆ. ಈಗ ಸರಿಯಾಗಿ ಕೇಳಿಸ್ತಿಲ್ಲ ಅಂತ ಒಂದೊಂದು ಮಾತನ್ನೂ ಮೂರು ಮೂರು ಸಲ ಹೇಳ್ತಾಳೆ!"

ಇದಕ್ಕೂ ಟೈಲರಮ್ಮ ಅರ್ಧ ನಕ್ಕರು. ಆ ಮನೆಯಲ್ಲಿ ಹೆಚ್ಚು ಮಾತಾಡುವವರು ಯಾರೆಂಬುದು ಗೋಡೆಗಳಿಗೂ ಗೊತ್ತಿತ್ತು; ಹೋಗಲಿ, ನಗೆಮಾತು ನಗೆಮಾತೇ. ಅಷ್ಟರಲ್ಲಿ ಮೇಲಿನಿಂದ ಡ್ರಿಲ್ ಮೇಷ್ಟ್ರು ಕೂಗಿದರು: "ಏನಯ್ಯಾ ಟೈಲರ್, ನನ್ನ ಕೋಟಿನ ಕಥೆ ಹೇಳಯ್ಯಾ. ಪಾಪ, ಸಿಸ್ಟರಮ್ಮ ಒಬ್ರೇ ಕೇಳಿಲ್ಲ."

"ಆಗಿನ್ನೂ ನನಗೆ ಮದುವೆಯಾಗಿ ಎರಡು ವರ್ಷ," ಟೈಲರು ಗಂಟಲು ಸರಿಮಾಡಿಕೊಂಡರು. "ಮೇಷ್ಟ್ರ ತಂಡ ಪಂದ್ಯ ಗೆದ್ದಿತ್ತು. ಬಹುಮಾನ ತಗೊಳ್ಳೋಕೆ ಕೋಟು ಬೇಕು ಅಂದ್ರು. ಚೊಕ್ಕವಾಗಿ ಹೊಲಿದೆ. ಕಾಜ ಹಾಕೋಕೆ ಮನೆಗೆ ಕಳಿಸ್ದೆ. ನಮ್ಮನೆಯವಳು ಏನ್ಮಾಡಿದ್ಲು ಗೊತ್ತಾ? ಮೂರೂ ಕಾಜ ಬಲಗಡೆ! ಹೆಂಗಸರ ಕೋಟು! ಇವರು ಕನ್ನಡಿ ಮುಂದೆ ನಿಂತ್ಕೊಂಡು ಗುಂಡಿ ಹುಡುಕ್ತಿದಾರೆ, ಮೈಮೇಲೆ ಇರುವೆ ಬಿಟ್ಟ ಹಾಗೆ!"

ಮೂರು ಬಾಲ್ಕನಿಗಳೂ ಒಟ್ಟಿಗೆ ನಕ್ಕವು. ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುವ ಸದ್ದು ನಿಂತಿತು.

ಗುಂಡಿ ತೂರಿಸಲು ಬಟ್ಟೆಯಲ್ಲಿ ಸೀಳು ಮಾಡಿ, ಅದರ ಅಂಚು ಬಿಚ್ಚದಂತೆ ದಾರದಿಂದ ಕಟ್ಟಿದರೆ ಅದು ಕಾಜ. ಗಂಡಸರ ಕೋಟಿಗೆ ಅದು ಎಡಮಗ್ಗುಲಲ್ಲಿರಬೇಕು. ಅಂಗಡಿ ನಡೆದಷ್ಟೂ ವರ್ಷ ಆ ಕೆಲಸವನ್ನೆಲ್ಲ ಟೈಲರಮ್ಮ ಮನೆಯಲ್ಲಿ ಕುಳಿತು ಕೈಯಿಂದ ಮಾಡಿದ್ದರು. ಅವರ ಬಲಗೈ ನಡುಬೆರಳ ತುದಿ ಸೂಜಿ ತಳ್ಳಿ ತಳ್ಳಿ ಗಟ್ಟಿಯಾಗಿ ಹೋಗಿತ್ತು. ಅಂಗಡಿಯ ಬೋರ್ಡಿನ ಮೇಲೆ ಗಂಡನ ಹೆಸರಿತ್ತು. ಕಾಜದ ಮೇಲೆ ಯಾರ ಹೆಸರೂ ಇರುವುದಿಲ್ಲ. ಅದು ನೆಟ್ಟಗಿದೆ ಎಂಬುದೊಂದೇ ಹಾಕಿದವರಿಗೆ ಸಿಗುವ ಹೆಸರು.

ಆ ಕೋಟು ಅವರಿಗೆ ಚೆನ್ನಾಗಿ ನೆನಪಿತ್ತು. ಬಲಮಗ್ಗುಲಿನ ಮೇಲೆ ಬಿಳಿ ಚಾಕ್‌ಪೀಸಿನ ಮೂರು ಗೆರೆಗಳು, ಒಂದೊಂದರ ನಡುವೆ ನಾಲ್ಕೂವರೆ ಇಂಚು. ಗೆರೆ ಎಳೆದದ್ದು ಗಂಡ.

ಅಂದಿನ ಊಟಕ್ಕೆ ಅನ್ನ, ಬೇಳೆ, ಹುರುಳಿಕಾಯಿ. ಮಗ, ಸೊಸೆ ಸೇರಿ ನಾಲ್ಕು ಜನರೂ ಕುಳಿತ ಮೇಲೆ ಟೈಲರಮ್ಮ ಕೇಳಿದರು: "ರೀ, ಮೇಷ್ಟ್ರ ಕೋಟಿಗೆ ಗುರುತು ಹಾಕಿದ್ದು ಯಾರು?"

ಟೈಲರು ತಟ್ಟೆಯಿಂದ ತಲೆಯೆತ್ತಲಿಲ್ಲ. "ಅಯ್ಯೋ, ಅದೊಂದು ನಗೆಮಾತು ಕಣೇ. ನಗೆಮಾತಿಗೆ ಯಾರಾದ್ರೂ ಸಾಕ್ಷಿ ಕೇಳ್ತಾರಾ?"

"ಗುರುತು ಯಾರು ಹಾಕಿದ್ದು?"

"ನಲವತ್ತು ವರ್ಷದ ಹಿಂದಿನ ಮಾತು. ಯಾರಿಗೆ ನೆನಪಿರತ್ತೆ?"

"ನನಗಿದೆ. 'ಎಡಕ್ಕಾ ಬಲಕ್ಕಾ?' ಅಂತ ಕೇಳ್ದೆ. 'ಗುರುತಿದ್ದಲ್ಲಿ ಹಾಕು, ತಲೆ ತಿನ್ನಬೇಡ' ಅಂದ್ರಿ."

ಮಗ ಶಾಲಾ ವ್ಯಾನಿನ ಡ್ರೈವರು. ಶಾಲೆ ಮುಚ್ಚಿದ ಮೇಲೆ ಸಂಬಳ ನಿಂತು, ಈಗ ಮನೆ ಗುಡಿಸಿ ಪಾತ್ರೆ ತೊಳೆಯುತ್ತಿದ್ದ. ಅವನು ನಡುವೆ ಬಾಯಿ ಹಾಕಿದ: "ಬಿಡಮ್ಮ. ಇಂಥಾ ಹೊತ್ತಲ್ಲಿ ಜಗಳ ಬೇಕಾ? ಸಿಟ್ಟು ಮಾಡ್ಕೊಂಡು ಹೊರಗೆ ಹೋಗೋಣ ಅಂದ್ರೂ ಹೋಗೋ ಹಾಗಿಲ್ಲ."

"ಅತ್ತೆ ಜಗಳ ಆಡ್ತಿಲ್ಲ," ಎಂದಳು ಸೊಸೆ. "ಒಂದು ಪ್ರಶ್ನೆ ಕೇಳ್ತಿದಾರೆ."

"ನೀನು ಸುಮ್ನಿರು."

"ಸುಮ್ನೇ ಇದೀನಲ್ಲ. ಉತ್ತರ ಬರ್ಲಿ ಅಂತ."

ಟೈಲರು ಎದ್ದು ಕೈ ತೊಳೆದುಕೊಂಡರು. ಹೊಸ ರೂಢಿಯಂತೆ ಸೋಪು ಹಚ್ಚಿ ಇಪ್ಪತ್ತರವರೆಗೆ ಎಣಿಸಿದರು. ಅಂದು ಇಪ್ಪತ್ತಕ್ಕೆ ನಿಲ್ಲಿಸಲಿಲ್ಲ.

ಟೈಲರಮ್ಮ ನಲ್ಲಿಯ ಬಳಿಗೇ ಹೋಗಿ ಹೇಳಿದರು: "ನನಗೆ ಕ್ಷಮೆ ಗಿಮೆ ಏನೂ ಬೇಡ. ಎಲ್ಲಿ ನಿಂತು ತಪ್ಪು ಹೇಳಿದ್ರೋ ಅಲ್ಲೇ ನಿಂತು ಸರಿಯಾಗಿ ಹೇಳಿ. ಸಾಕು."

"ಇಷ್ಟು ವರ್ಷ ಹೇಳಿದ್ದನ್ನ ಈಗ ತಿರುಗಿಸಿ ಹೇಳಿದ್ರೆ ಮುಖ ಎಲ್ಲಿಟ್ಕೊಳ್ಳಿ?"

"ಮಾಸ್ಕ್ ಇದೆಯಲ್ಲ. ಅದರೊಳಗೆ ಇಟ್ಕೊಳ್ಳಿ."

ಮಾಸ್ಕಿನ ವಿಷಯ ಆ ಮನೆಯಲ್ಲಿ ಸಣ್ಣದಾಗಿರಲಿಲ್ಲ. ಸೊಸೆ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಆ ಅಂಗಡಿಯವರು ವಾರಕ್ಕೆ ಇನ್ನೂರು ಬಟ್ಟೆ ಮಾಸ್ಕುಗಳಿಗೆ ಹೇಳಿದ್ದರು. ಸೊಸೆಯ ಸಂಬಳ ಬಿಟ್ಟರೆ ಮನೆಗೆ ಬರುತ್ತಿದ್ದದ್ದು ಅದೊಂದೇ. ಟೈಲರು ಬಟ್ಟೆ ಕತ್ತರಿಸಿ, ಮೂರು ನೆರಿಗೆ ಹಿಡಿದು ಯಂತ್ರದಲ್ಲಿ ಹೊಲಿಯುತ್ತಿದ್ದರು. ಟೈಲರಮ್ಮ ನಾಲ್ಕು ಮೂಲೆಗೂ ಕಟ್ಟುವ ಲಾಡಿಯಿಟ್ಟು, ಒಂದೊಂದಕ್ಕೂ ಕೈಯಿಂದ ಏಳೇಳು ಬಿಗಿ ಹೊಲಿಗೆ ಹಾಕುತ್ತಿದ್ದರು.

ಮರುದಿನ ಬೆಳಿಗ್ಗೆ ಅವರು ಸೂಜಿಯ ಡಬ್ಬಿಯನ್ನು ಯಂತ್ರದ ಮೇಲಿಟ್ಟು, ಪತ್ರಿಕೆ ಹಿಡಿದು ಕಿಟಕಿಯ ಬಳಿ ಕುಳಿತರು.

"ಇದೇನು ಇದು?" ಎಂದರು ಟೈಲರು.

"ಕೈಕೆಲಸ ಬಾರದವಳ ಕೈಗೆ ಯಾಕೆ ಕೊಡ್ತೀರಿ? ಬಲಗಡೆ ಹಾಕೋ ಲಾಡಿನ ಎಡಗಡೆ ಹಾಕಿಬಿಟ್ಟೇನು."

ಟೈಲರು ಡಬ್ಬಿ ತೆರೆದು ನೋಡಿ ಮುಚ್ಚಿದರು. ಲಾಡಿಯನ್ನೂ ಯಂತ್ರದಲ್ಲೇ ಹೊಲಿದರಾಯಿತು ಎಂದು ತೀರ್ಮಾನಿಸಿದರು.

ಹೀಗೆ ಎರಡು ವಾರ ನಡೆಯಿತು. ಟೈಲರಮ್ಮ ಅಡುಗೆ ಮಾಡಿದರು, ತಂದ ತರಕಾರಿಯನ್ನು ಉಪ್ಪುನೀರಿನಲ್ಲಿ ತೊಳೆದು ಆರಹಾಕಿದರು, ಗಂಡ ಚಹಾ ಕೇಳುವ ಮೊದಲೇ ಚಹಾ ಕೊಟ್ಟರು. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರು. ಸಂಜೆ ಸೀಟಿ ಕೇಳಿಸಿದೊಡನೆ ಮಾತ್ರ ಅಡುಗೆಮನೆಯ ಕಿಟಕಿಯನ್ನು ಒಂದು ಗೇಣು ತೆರೆದಿಡುತ್ತಿದ್ದರು. ಗಂಡ ಇವತ್ತು ಹೇಳಬಹುದು, ನಾಳೆ ಹೇಳಬಹುದು. ಟೈಲರು ಬೇರೆ ಬೇರೆ ಕಥೆ ಹೇಳಿದರು. ಆ ಕಥೆ ಹೇಳಲಿಲ್ಲ. ಡ್ರಿಲ್ ಮೇಷ್ಟ್ರು, ತಾವು ಮಕ್ಕಳಿಗೆ ಕಲಿಸಿದ "ಕೈ ಚಾಚಿ ಅಂತರ ನೋಡು" ಎಂಬ ಆಜ್ಞೆಯನ್ನು ಈಗ ಇಡೀ ಜಗತ್ತು ಪಾಲಿಸುತ್ತಿದೆ, ಆದರೂ ಸಾಲು ನೆಟ್ಟಗಿಲ್ಲ ಎಂದು ಕೊರಗಿದರು. ಸಿಸ್ಟರಮ್ಮ ಒಂದು ಸಂಜೆ ಯೋಚನೆಯ ಸರದಿಯಲ್ಲಿ ಹೇಳಿದರು: "ಹುಟ್ಟಿದ ಮಗು ಅಳದೇ ಇದ್ರೆ ನಾವು ಉಸಿರು ಹಿಡ್ಕೊಂಡು ನಿಲ್ತಿದ್ವಿ. ಅದು ಅತ್ತ ಮೇಲೆ ನಾವು ಉಸಿರು ಬಿಡ್ತಿದ್ವಿ. ಈಗ ಇಡೀ ಊರು ಹಾಗೇ ನಿಂತಿದೆ ಅನ್ಸತ್ತೆ." ಟೈಲರಮ್ಮನಿಗೆ ಆ ಮಾತು ಬಹಳ ಹಿಡಿಸಿತು. ಸಭೆಯಲ್ಲಿ ಒಂದು ಕುರ್ಚಿ ತಮಗೂ ಇದ್ದಿದ್ದರೆ ಎನಿಸಿತು. ಆದರೆ ತಮ್ಮನ್ನು ನೋಡಿದೊಡನೆ ಬಲಗಡೆಯ ಕಾಜವನ್ನೇ ನೆನೆದು ನಗುವ ಜನರ ಎದುರು ಹೋಗಿ ಕೂರುವುದಾದರೂ ಹೇಗೆ?

ಮೂರನೆಯ ವಾರದ ಮೊದಲ ದಿನ ಸೊಸೆ ಕೆಲಸದಿಂದ ಬಂದವಳು ಸ್ನಾನ ಮಾಡಿ, ಬಾಗಿಲ ಬಳಿ ಇಟ್ಟಿದ್ದ ಚೀಲವನ್ನು ಒಳಗೆ ತಂದಳು.

"ಮಾವ, ನಲವತ್ತು ವಾಪಸ್ ಬಂದಿದೆ. ಕಟ್ಕೊಳ್ಳೋಕೆ ಅಂತ ಎಳೆದ್ರೆ ಲಾಡಿ ಕಿತ್ತು ಕೈಗೇ ಬರತ್ತಂತೆ."

"ಎಳೆಯೋರು ಮೆತ್ತಗೆ ಎಳೀಬೇಕು."

"ಹಾಗಂತ ಚೀಟಿ ಬರೆದು ಅಂಟಿಸ್ಲಾ?" ಎಂದಳು ಸೊಸೆ. "ಮುಂದಿನ ವಾರಾನೂ ಹೀಗೇ ಆದ್ರೆ ಬೇರೆ ಕಡೆ ನೋಡ್ಕೋತೀವಿ ಅಂದಿದಾರೆ ಮಾಲೀಕರು."

ಮಗ ತಾಯಿಯ ಕಡೆ ತಿರುಗಿದ. "ಅಮ್ಮಾ, ಇನ್ನಾದ್ರೂ..."

"ನನ್ನ ಹತ್ರ ಯಾಕಪ್ಪಾ ಬರ್ತೀಯಾ?" ಟೈಲರಮ್ಮ ಆರಿಸುತ್ತಿದ್ದ ಅಕ್ಕಿಯಿಂದ ಕಣ್ಣು ಕೀಳಲಿಲ್ಲ. "ನಿಮ್ಮಪ್ಪನ ಬಾಯಲ್ಲಿದೆ ಅದಕ್ಕೆ ಬೇಕಾದ ಸೂಜಿ."

ಮರುದಿನ ಸಂಜೆ ಸಭೆಯಲ್ಲಿ ಕಂಡಕ್ಟರು ಮೊದಲೇ ಎದ್ದು ನಿಂತರು. ಸುದ್ದಿ ಮತ್ತು ನಗೆಮಾತು ಎರಡೂ ಒಂದರಲ್ಲೇ ಇದೆ ಎಂದರು. "ಬೆಳಿಗ್ಗೆ ಹಾಲಿನ ಸಾಲಲ್ಲಿ ನಿಂತಿದೀನಿ. ಒಂದು ಸೀನು ಬಂತು. ನಮ್ಮ ಟೈಲರ್ ಮಾಸ್ಕ್ ಲಾಡಿ ಕಿತ್ಕೊಂಡು ಗಾಳೀಲಿ ಹಾರಿಹೋಯ್ತು! ನನ್ನ ಮುಂದೆ ಹನ್ನೆರಡು ಜನ ಇದ್ರು. ಒಂದೇ ನಿಮಿಷದಲ್ಲಿ ನಾನೇ ಮೊದಲನೆಯವನು!"

ನಗುವಿನ ನಡುವೆ ಡ್ರಿಲ್ ಮೇಷ್ಟ್ರು ಕೂಗಿದರು: "ಏನಯ್ಯಾ ಟೈಲರ್, ಇಷ್ಟು ವರ್ಷದ ಕೈ, ಇದೇನಯ್ಯಾ?"

ಟೈಲರು ಯೋಚಿಸಲಿಲ್ಲ. ನಲವತ್ತು ವರ್ಷಗಳಿಂದ ಸವೆದ ದಾರಿಯಲ್ಲಿ ನಾಲಿಗೆ ತಾನಾಗಿಯೇ ನಡೆಯಿತು. "ನಾನು ಹೊಲಿದಿದ್ದು ನೆಟ್ಟಗೇ ಇದೆ ಮೇಷ್ಟ್ರೇ. ಲಾಡಿ ಇದೆಯಲ್ಲ, ಅದು ನಮ್ಮನೆಯವಳ ಕೈಕೆಲಸ..."

ಅಡುಗೆಮನೆಯ ಕಿಟಕಿ ಒಂದು ಗೇಣು ತೆರೆದೇ ಇತ್ತು. ಟೈಲರಮ್ಮ ಒಲೆ ಆರಿಸಿದರು. ಸೆರಗಿನಲ್ಲಿ ಕೈ ಒರೆಸಿಕೊಂಡರು. ಹಜಾರ ದಾಟಿ, ಬಾಲ್ಕನಿಯ ಹೊಸ್ತಿಲು ದಾಟಿ, ಗಂಡನ ಕುರ್ಚಿಯ ಪಕ್ಕದಲ್ಲಿ ನಿಂತರು.

"ಆ ಲಾಡಿ ನಾನು ಹಾಕಿದ್ದಲ್ಲ," ಎಂದರು. ಧ್ವನಿ ಏರಿರಲಿಲ್ಲ, ಅಂಗಳ ತಾನಾಗಿ ಸದ್ದಡಗಿತ್ತು. "ಎರಡು ವಾರದಿಂದ ನಾನು ಸೂಜಿ ಮುಟ್ಟಿಲ್ಲ. ಯಾಕೆ ಮುಟ್ಟಿಲ್ಲ ಅಂತ ಇವರನ್ನ ಕೇಳಿ. ಮೇಷ್ಟ್ರೇ, ನಿಮ್ಮ ಕೋಟಿಗೆ ನಾನು ಬಲಗಡೆ ಕಾಜ ಹಾಕಿದ್ದು ನಿಜ. ಇವರು ಚಾಕ್‌ಪೀಸಲ್ಲಿ ಗೆರೆ ಎಳೆದಿದ್ದೇ ಬಲಗಡೆ. ನಾನು ಕೇಳಿಯೂ ಕೇಳಿದ್ದೆ."

ಟೈಲರು ಅಂಗಳದ ನೆಲ ನೋಡುತ್ತಿದ್ದರು.

"ಆ ಕೋಟು ಇನ್ನೂ ಇದೆ," ಎಂದರು ಮೇಷ್ಟ್ರು. "ಹೊಟ್ಟೆ ಒಪ್ಪಲ್ಲ, ಮನಸ್ಸು ಬಿಡಲ್ಲ. ಅದಕ್ಕೇ ಇಟ್ಕೊಂಡಿದೀನಿ."

"ಆಮೇಲೆ ಅದನ್ನ ಸರಿ ಮಾಡಿದ್ದು ಯಾರು?" ಕೇಳಿದರು ಸಿಸ್ಟರಮ್ಮ.

"ನಾನೇ," ಎಂದರು ಟೈಲರಮ್ಮ. "ಹೊಸ ಬಟ್ಟೆ ಉಳಿದಿರ್ಲಿಲ್ಲ. ಒಳಮಡಿಕೆಯಿಂದ ಎಳೆ ಬಿಡಿಸ್ಕೊಂಡು ಮೂರು ಸೀಳನ್ನೂ ನೇಯ್ದು ಮುಚ್ಚಿದೆ. ಮೂರು ದಿನ ಹಿಡೀತು. ಆಮೇಲೆ ಎಡಗಡೆ ಹೊಸದು ಹಾಕಿದೆ."

"ಇಳಿಸಿ ಮೇಷ್ಟ್ರೇ ಆ ಕೋಟು. ಮುಚ್ಚಿದ ಸೀಳು ಎಲ್ಲಿದೆ ಅಂತ ಟೈಲರೇ ಹುಡುಕ್ಲಿ," ಎಂದರು ಸಿಸ್ಟರಮ್ಮ. "ಆದ್ರೆ ಯಾರೂ ಮುಟ್ಟಬೇಡಿ. ನಾಳೆ ಇಡೀ ದಿನ ಬಿಸಿಲಿಗೆ ಇರ್ಲಿ. ಕಾಯಿಲೆ ಕಾಲ ಇದು."

ಮೇಷ್ಟ್ರು ಹಗ್ಗಕ್ಕೆ ಕೊಕ್ಕೆ ಕಟ್ಟಿ ಕೋಟನ್ನು ಇಳಿಬಿಟ್ಟರು. ಮಗ ಅದನ್ನು ಕೋಲಿನಿಂದ ಎತ್ತಿ ಬಟ್ಟೆ ಒಣಗಿಸುವ ತಂತಿಗೆ ಸಿಕ್ಕಿಸಿದ. ಮರುದಿನವೆಲ್ಲ ಆ ಬೂದುಬಣ್ಣದ ಕೋಟು, ಎರಡು ತೋಳನ್ನೂ ಇಳಿಬಿಟ್ಟು, ಮನೆಗೆ ಬಂದ ನೆಂಟನಂತೆ ಬಾಲ್ಕನಿಯಲ್ಲಿ ತೂಗಾಡಿತು. ಮಧ್ಯಾಹ್ನದ ಊಟಕ್ಕೆ ಕುಳಿತಾಗ ಅದು ಟೈಲರ ಬೆನ್ನ ಹಿಂದೆಯೇ ಕಾಣುತ್ತಿತ್ತು.

"ಅಪ್ಪಾ, ನೆಂಟರಿಗೂ ಒಂದು ತಟ್ಟೆ ಇಡ್ಲಾ?" ಎಂದ ಮಗ. ಸೊಸೆ ಮಾತ್ರ ನಕ್ಕಳು.

ಸಂಜೆ ಸೀಟಿ ಕೇಳಿಸುವುದಕ್ಕೆ ಹತ್ತು ನಿಮಿಷ ಮೊದಲು ಟೈಲರು ಕೋಟನ್ನು ಒಳಗೆ ತಂದು ಕತ್ತರಿಸುವ ಮೇಜಿನ ಮೇಲೆ ಹರಡಿದರು. ಕನ್ನಡಕ ಒರೆಸಿಕೊಂಡು ಬಲಮಗ್ಗುಲಿನ ಮೇಲೆ ಬಗ್ಗಿದರು. ಆ ದಿನ, ನಲವತ್ತು ವರ್ಷಗಳ ಹಿಂದೆ, ಅವರು ಇದನ್ನು ಬಿಚ್ಚಿ ನೋಡಿಯೇ ಇರಲಿಲ್ಲ. ನಾಚಿಕೆಗೆ, ಹೆಂಡತಿ ಮಡಿಸಿಕೊಟ್ಟಂತೆಯೇ ಕಾಗದದಲ್ಲಿ ಸುತ್ತಿ ಮೇಷ್ಟ್ರ ಕೈಗಿತ್ತು, "ಮನೆಯವಳ ತಪ್ಪು, ಸರಿ ಮಾಡಿಸಿದೀನಿ" ಎಂದಿದ್ದರು. ಈಗ ಬೆರಳಿನಿಂದ ಮೇಲಿನಿಂದ ಕೆಳಗೆ ಸವರಿದರು. ಬಟ್ಟೆ ತಿರುವಿ ನೋಡಿದರು. ಕಿಟಕಿಯ ಬೆಳಕಿಗೆ ಒಯ್ದರು. ಎಲ್ಲಿಯೂ ಒಂದು ಗಂಟಿಲ್ಲ, ಒಂದು ಉಬ್ಬಿಲ್ಲ. ಟೈಲರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಸೀಟಿ ಕೇಳಿಸಿತು. ಹಿಂದೆಯೇ ಕಂಡಕ್ಟರ ಕೂಗು: "ಏನ್ ಟೈಲರೇ, ಸಿಕ್ತಾ?"

ಟೈಲರು ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು. ಕೊನೆಗೆ ಹೆಂಡತಿಯ ಕಡೆ ತಿರುಗಿದರು.

"ಎಲ್ಲಿ?"

ಟೈಲರಮ್ಮ ಹತ್ತಿರ ಬಂದರು. ಕನ್ನಡಕವಿಲ್ಲದೆ, ಹುಡುಕದೆ, ನಡುಬೆರಳ ಆ ಗಟ್ಟಿ ತುದಿಯನ್ನು ಬಟ್ಟೆಯ ಮೇಲಿಟ್ಟರು. "ಇಲ್ಲಿ." ನಾಲ್ಕೂವರೆ ಇಂಚು ಕೆಳಗೆ, "ಇಲ್ಲಿ." ಮತ್ತೆ ಅಷ್ಟೇ ಕೆಳಗೆ, "ಇಲ್ಲಿ."

ಅವರ ಬೆರಳಿದ್ದ ಜಾಗವನ್ನೇ ಟೈಲರು ಬೆಳಕಿಗೆ ಓರೆಯಾಗಿ ಹಿಡಿದರು. ಆಗ ಕಂಡಿತು. ಉದ್ದದ ಎಳೆಗೆ ಉದ್ದದ ಎಳೆ, ಅಡ್ಡದ ಎಳೆಗೆ ಅಡ್ಡದ ಎಳೆ, ಮಗ್ಗದಲ್ಲಿ ನೇಯ್ದಂತೆ ಕೂಡಿಕೊಂಡಿದ್ದವು. ಅದು ಎಂಥ ಕೆಲಸವೆಂದು ಆ ಕಟ್ಟಡದಲ್ಲಿ ಬಲ್ಲವರು ಅವರೊಬ್ಬರೇ. ತಮ್ಮಿಂದ ಅದು ಆಗುತ್ತಿರಲಿಲ್ಲ ಎಂಬುದನ್ನು ಬಲ್ಲವರೂ ಅವರೊಬ್ಬರೇ. ಬಹಳ ಹೊತ್ತು ನೋಡಿದರು.

ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಟೈಲರು ಬಾಲ್ಕನಿಗೆ ಹೋದರು. ಕೂರಲಿಲ್ಲ.

"ಸುದ್ದಿ ಹೇಳ್ತೀನಿ," ಎಂದರು. "ಗೆರೆ ಎಳೆದಿದ್ದು ನಾನು. ಇವಳು ಕೇಳಿದ್ಲು, ನಾನೇ ಬೈದು ಬಾಯಿ ಮುಚ್ಚಿಸ್ದೆ. ಅಂಗಡಿ ಹೊಸದು, ಹೆಸರು ಹೋಗತ್ತೆ ಅಂತ ಹೆದರಿಕೆ. ಇವಳ ಮೇಲೆ ಹಾಕಿಬಿಟ್ಟೆ. ಆಮೇಲೆ ನೀವೆಲ್ಲ ನಕ್ರಿ. ನಕ್ಕಿದ್ದು ಚೆನ್ನಾಗಿತ್ತು. ಹಾಗೇ ಇಟ್ಕೊಂಡೆ." ಕೋಟನ್ನು ಎತ್ತಿ ಹಿಡಿದರು. "ಮುಚ್ಚಿದ ಸೀಳು ಎಲ್ಲಿದೆ ಅಂತ ಈಗ ಹುಡುಕಿದೆ. ನನಗೆ ಸಿಗ್ಲಿಲ್ಲ. ಲಾಡಿ ಕಿತ್ತು ಬಂದಿದ್ದೂ ನನ್ನ ಕೈಕೆಲಸಾನೇ. ಇಷ್ಟೇ ಸುದ್ದಿ. ಇವತ್ತು ನಗೆಮಾತು ಇಲ್ಲ."



"ಹಾಗಾದ್ರೆ ನಲವತ್ತು ವರ್ಷ ತಪ್ಪು ಮನುಷ್ಯನ್ನ ನೋಡಿ ನಕ್ಕಿದೀವಿ," ಎಂದರು ಡ್ರಿಲ್ ಮೇಷ್ಟ್ರು ಮೇಲಿನಿಂದ. "ಟೈಲರಮ್ಮಾ, ತಪ್ಪಾಯ್ತಮ್ಮ. ಇನ್ಮೇಲೆ ಸರಿಯಾದ ಮನುಷ್ಯನ್ನ ನೋಡೇ ನಗ್ತೀವಿ."

"ಬಾಕಿಯೆಲ್ಲ ಸೇರಿಸಿ!" ಎಂದರು ಕಂಡಕ್ಟರು.

ಸಿಸ್ಟರಮ್ಮ ನಗದೆ ಹೇಳಿದರು: "ಟೈಲರೇ, ಒಳಗಿಂದ ಇನ್ನೊಂದು ಕುರ್ಚಿ ತನ್ನಿ."

ಟೈಲರು ಕುರ್ಚಿ ತಂದರು. ಟೈಲರಮ್ಮ ಕುಳಿತರು. ತಮ್ಮ ಸರದಿ ಬಂದಾಗ, ತೊಳೆಯಲು ತಂದಿಟ್ಟ ಸೊಪ್ಪಿನಿಂದ ಒಂದು ಬಸವನಹುಳು ಹೊರಬಂದು ಕಿಟಕಿಯ ಸರಳಿನವರೆಗೆ ತಲುಪಲು ಐವತ್ತು ನಿಮಿಷ ತೆಗೆದುಕೊಂಡಿತೆಂಬುದೇ ಅವರ ಸುದ್ದಿಯಾಗಿತ್ತು. "ಗಡಿಯಾರ ಇಟ್ಕೊಂಡು ನೋಡಿದ್ರಾ?" ಎಂದರು ಮೇಷ್ಟ್ರು. "ಮತ್ತೇನು ಕೆಲಸ ಇತ್ತು? ಸೂಜಿ ಕೆಳಗಿಟ್ಟಿದ್ದೆನಲ್ಲ," ಎಂದರು ಟೈಲರಮ್ಮ. ಅಂಗಳ ನಕ್ಕಿತು, ಈ ಸಲ ಅವರನ್ನು ನೋಡಿಯಲ್ಲ, ಅವರ ಮಾತಿಗೆ.

ಸಭೆ ಮುಗಿದ ಮೇಲೆ, ಇನ್ನೂ ಬೆಳಕಿರುವಾಗಲೇ, ಟೈಲರಮ್ಮ ವಾಪಸ್ ಬಂದ ನಲವತ್ತು ಮಾಸ್ಕುಗಳ ಚೀಲವನ್ನು ಮೇಜಿನ ಮೇಲೆ ಸುರಿದು, ಸೂಜಿಯ ಡಬ್ಬಿ ತೆರೆದರು. ಸೊಸೆ ಲಾಡಿಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿ ಜೋಡಿಸಿದಳು. ಟೈಲರು ಎದುರು ಬಂದು ಕುಳಿತರು. ಜೇಬಿನಿಂದ ಬಿಳಿ ಚಾಕ್‌ಪೀಸಿನ ತುಂಡು ತೆಗೆದರು. ಒಂದು ಮಾಸ್ಕನ್ನು ಮುಂದಿಟ್ಟುಕೊಂಡು ಗೆರೆ ಎಳೆಯಲು ಹೋದವರು ಕೈ ತಡೆದರು.

"ಎಡಕ್ಕಾ, ಬಲಕ್ಕಾ?" ಎಂದು ಕೇಳಿದರು.

ಟೈಲರಮ್ಮ ಸೂಜಿಗೆ ದಾರ ಪೋಣಿಸಿ, ತುದಿಗೆ ಗಂಟು ಹಾಕಿದರು.

"ಮಾಸ್ಕಿಗೆ ಎರಡೂ ಕಡೆ ರೀ," ಎಂದರು. "ಎಳೀರಿ ಗೆರೆ."